ರೀಬೂಟ್ ಆಗುವವರೆಗೆ ಕರ್ನಲ್ ಅಪ್‌ಡೇಟ್ ಮುಗಿದಿಲ್ಲ

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರೆಲ್ಲ ದಯವಿಟ್ಟು ಇದನ್ನು ಓದಿ. ಕರ್ನಲ್ ಅಂದರೆ ಇಡೀ ಆಪರೇಟಿಂಗ್ ಸಿಸ್ಟಂನ ತಿರುಳು, ಉಳಿದ ಪ್ರೋಗ್ರಾಂಗಳೆಲ್ಲ ಅದರ ಮೇಲೇ ಓಡುತ್ತವೆ. ಸೆಕ್ಯುರಿಟಿ ಅಪ್‌ಡೇಟ್‌ಗಳು ತಾವಾಗಿಯೇ ಇನ್‌ಸ್ಟಾಲ್ ಆಗುವಂತೆ ಸೆಟ್ ಮಾಡಿದ್ದೀರಿ, ಲಾಗ್‌ನಲ್ಲಿ ಹೊಸ ಕರ್ನಲ್ ಬಂದು ಕೂತಿದ್ದೂ ಕಾಣುತ್ತಿದೆ. ಒಳ್ಳೆಯದು. ಈಗ ಅದೇ ಯಂತ್ರದಲ್ಲಿ ‘ಅಪ್‌ಟೈಮ್’ ಕಮಾಂಡ್ ಕೊಟ್ಟು ನೋಡಿ. ಕೊನೆಯ ರೀಬೂಟ್ ಆಗಿ 240 ದಿನ ಅಂತ ತೋರಿಸಿದರೆ, ಲೈವ್‌ಪ್ಯಾಚ್ (ಓಡುತ್ತಿರುವ ಕರ್ನಲ್‌ಗೇ ರೀಬೂಟ್ ಇಲ್ಲದೆ ತೇಪೆ ಹಾಕುವ ಸಾಧನ) ಹಾಕಿಲ್ಲದಿದ್ದರೆ, ಆ ಯಂತ್ರದ ಕರ್ನಲ್‌ಗೆ ಎಂಟು ತಿಂಗಳಿಂದ ಒಂದೇ ಒಂದು ತೇಪೆಯೂ ಬಿದ್ದಿಲ್ಲ ಎಂದರ್ಥ. ಹೊಸ ಕರ್ನಲ್‌ಗಳೆಲ್ಲ ಡಿಸ್ಕ್‌ನಲ್ಲಿ ಸಾಲಾಗಿ ಕಾಯುತ್ತಿವೆ, ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ.

ಬೇರೆ ಪ್ರೋಗ್ರಾಂಗಳಿಗೂ ಕರ್ನಲ್‌ಗೂ ಇರುವ ವ್ಯತ್ಯಾಸ ಇಷ್ಟೇ. ವೆಬ್ ಸರ್ವರ್ ಅಪ್‌ಡೇಟ್ ಆದರೆ ಆ ಸರ್ವಿಸ್ ಒಂದನ್ನು ರೀಸ್ಟಾರ್ಟ್ ಮಾಡಿದರೆ ಸಾಕು. ಕರ್ನಲ್ ಬೂಟ್ ಆಗುವಾಗ ಒಮ್ಮೆ ಮೆಮೊರಿಗೆ ಬಂದರೆ ಯಂತ್ರ ಆರುವವರೆಗೂ ಅದೇ. ಆದ್ದರಿಂದ ‘ಇನ್‌ಸ್ಟಾಲ್ ಆಗಿದೆಯಾ’ ಅಂತ ಕೇಳಿ ಪ್ರಯೋಜನವಿಲ್ಲ, ‘ಓಡುತ್ತಿರುವುದು ಯಾವುದು’ ಅಂತ ಕೇಳಬೇಕು. ಅದಕ್ಕೆ ‘ಯುನೇಮ್ -ಆರ್’ ಇದೆ. ಡೆಬಿಯನ್ 12 ಅಥವಾ ಅದಕ್ಕೂ ಹಳೆಯದನ್ನು ಬಳಸುವವರು ‘ಯುನೇಮ್ -ವಿ’ಯನ್ನೂ ನೋಡಿ, ಏಕೆಂದರೆ ಅಲ್ಲಿ ‘-ಆರ್’ ತೋರಿಸುವ 6.1.0-18 ಎಂಬಂಥ ಸಂಖ್ಯೆ ಪ್ಯಾಕೇಜಿನ ಹೆಸರಿನ ತುಂಡು ಮಾತ್ರ. ನಿಜವಾದ ಆವೃತ್ತಿ, ಅಂದರೆ 6.1.76-1 ಎಂಬುದು, ‘-ವಿ’ಯಲ್ಲಿ ಸಿಗುತ್ತದೆ. ಉಬುಂಟುವಿನಲ್ಲಿ ರೀಬೂಟ್ ಬಾಕಿಯಿದ್ದರೆ ‘ವಾರ್’ ಡೈರೆಕ್ಟರಿಯ ‘ರನ್’ ಒಳಗೆ ‘ರೀಬೂಟ್-ರಿಕ್ವೈರ್ಡ್’ ಎಂಬ ಫೈಲ್ ಹುಟ್ಟಿಕೊಂಡಿರುತ್ತದೆ. ರೆಡ್ ಹ್ಯಾಟ್ ಕುಟುಂಬದಲ್ಲಿ ‘ನೀಡ್ಸ್-ರೀಸ್ಟಾರ್ಟಿಂಗ್ -ಆರ್’ ಕೊಟ್ಟರೆ ನೇರವಾಗಿ ಹೇಳುತ್ತದೆ.

ಇಷ್ಟು ಅವಸರ ಯಾಕೆ ಅನ್ನುವವರಿಗಾಗಿ ಒಂದು ದೋಷವನ್ನು ಬಿಡಿಸಿ ತೋರಿಸುತ್ತೇನೆ. 2022ರಲ್ಲಿ ಬಯಲಾದ ‘ಡರ್ಟಿ ಪೈಪ್’, ಸಿವಿಇ-2022-0847 (ಸಿವಿಇ ಅಂದರೆ ಭದ್ರತಾ ದೋಷಗಳಿಗೆ ಕೊಡುವ ಸಾರ್ವಜನಿಕ ಗುರುತಿನ ಸಂಖ್ಯೆ). ಪೈಪ್ ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಹರಿಸುವ ಕೊಳವೆ. ಅದರೊಳಗಿನ ಪ್ರತಿ ಬಫರ್‌ಗೂ ‘ಫ್ಲ್ಯಾಗ್ಸ್’ ಎಂಬ ಒಂದು ಗುರುತಿನ ಜಾಗ ಇರುತ್ತದೆ. ಬಫರನ್ನು ಮತ್ತೆ ಬಳಸುವ ಮುನ್ನ ಅದನ್ನು ಸೊನ್ನೆ ಮಾಡಬೇಕಿತ್ತು, ಮಾಡಿರಲಿಲ್ಲ. ಹಾಗಾಗಿ ‘ಇದಕ್ಕೆ ಇನ್ನಷ್ಟು ಸೇರಿಸಬಹುದು’ ಎಂಬ ಹಿಂದಿನ ಗುರುತು ಅಳಿಯದೆ ಉಳಿಯುತ್ತಿತ್ತು. ಓದಲು ಮಾತ್ರ ಅನುಮತಿ ಇರುವ ಫೈಲಿನ ಒಂದು ಬೈಟನ್ನು ‘ಸ್ಪ್ಲೈಸ್’ ಎಂಬ ಸಿಸ್ಟಂ ಕಾಲ್ ಮೂಲಕ ಆ ಪೈಪಿಗೆ ಜೋಡಿಸಿ, ನಂತರ ಪೈಪಿಗೆ ಬರೆದರೆ, ಬರೆದದ್ದು ಮೆಮೊರಿಯಲ್ಲಿರುವ ಆ ಫೈಲಿನ ಪುಟದ ಮೇಲೇ ಬೀಳುತ್ತಿತ್ತು. ಪಾಸ್‌ವರ್ಡ್ ಫೈಲನ್ನು ಹೀಗೆ ತಿದ್ದಿದರೆ ಸಾಮಾನ್ಯ ಬಳಕೆದಾರನೂ ರೂಟ್, ಅಂದರೆ ಯಂತ್ರದ ಮೇಲೆ ಪೂರ್ತಿ ಹಿಡಿತವಿರುವವನು, ಆಗುತ್ತಾನೆ. ಇದನ್ನು ಪತ್ತೆ ಮಾಡಿದ ಮ್ಯಾಕ್ಸ್ ಕೆಲ್ಲರ್‌ಮನ್ ಅವರಿಗೆ ಮೊದಲು ಸಿಕ್ಕ ಸುಳಿವು ಕೆಟ್ಟುಹೋಗಿದ್ದ ಕೆಲವು ಜಿಜಿಪ್ ಲಾಗ್ ಫೈಲುಗಳು. ಅವುಗಳ ಕೊನೆಯ 8 ಬೈಟ್ ಮಾತ್ರ ಹಾಳಾಗಿದ್ದವು. ರಿಪೇರಿ ಎಷ್ಟು ದೊಡ್ಡದಿತ್ತು ಗೊತ್ತೇ? ಎರಡು ಫಂಕ್ಷನ್‌ಗಳಲ್ಲಿ ಒಂದೊಂದು ಸಾಲು: ಫ್ಲ್ಯಾಗ್ಸ್ ಸೊನ್ನೆ ಮಾಡು.

ದಿನಾಂಕಗಳನ್ನು ಗಮನಿಸಿ. ಕರ್ನಲ್ ಸೆಕ್ಯುರಿಟಿ ತಂಡಕ್ಕೆ ವರದಿ ಹೋದದ್ದು ಫೆಬ್ರವರಿ 20. ತೇಪೆ ಹಾಕಿದ 5.16.11, 5.15.25, 5.10.102 ಆವೃತ್ತಿಗಳು ಹೊರಬಂದದ್ದು ಫೆಬ್ರವರಿ 23. ದೋಷದ ಪೂರ್ತಿ ವಿವರ ಜಗತ್ತಿಗೆ ತಿಳಿದದ್ದು ಮಾರ್ಚ್ 7. ನಡುವಿನ 12 ದಿನ ಆ ಎರಡು ಸಾಲು ಎಲ್ಲರ ಕಣ್ಣೆದುರೇ ಇದ್ದವು. ಲಿನಕ್ಸ್‌ನಲ್ಲಿ ತಿದ್ದುಪಡಿ ನಡೆಯುವುದೇ ಬಹಿರಂಗವಾಗಿ, ಆದ್ದರಿಂದ ತೇಪೆ ಯಾವತ್ತು ಬಂತೋ ಅವತ್ತೇ ತೂತು ಎಲ್ಲಿತ್ತು ಅನ್ನುವುದೂ ಓದಬಲ್ಲವರಿಗೆ ತಿಳಿಯುತ್ತದೆ. ಸೋರ್ಸ್ ಕೋಡ್ ಮುಚ್ಚಿಟ್ಟ ವಿಂಡೋಸ್‌ನಲ್ಲೂ ಹಳೆಯ ಫೈಲ್ ಮತ್ತು ಹೊಸ ಫೈಲ್ ಪಕ್ಕಪಕ್ಕ ಇಟ್ಟು ಹೋಲಿಸಿ ಇದನ್ನೇ ಮಾಡುತ್ತಾರೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆ) ದೋಷಕ್ಕೆ ತೇಪೆ ಕೊಟ್ಟಿತ್ತು. ಅದೇ ದೋಷ ಬಳಸಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಬ್ಬಿದ್ದು ಮೇ 12ರಂದು. ಕೈಯಲ್ಲಿ ಮದ್ದಿದ್ದೂ 59 ದಿನ ಹಚ್ಚದೇ ಬಿಟ್ಟ ಯಂತ್ರಗಳೇ ಅಂದು ಹೆಚ್ಚಾಗಿ ಬಲಿಯಾದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ.

ನನಗೆ ತುಂಬ ಬೇಸರ ತರಿಸುವ ವಾದ ಇನ್ನೊಂದಿದೆ: ‘ಅದು ಲೋಕಲ್ ದೋಷ, ಯಂತ್ರದ ಒಳಗಿದ್ದವರಷ್ಟೇ ಬಳಸಬಹುದು, ನಮ್ಮ ಸರ್ವರ್‌ಗೆ ಹೊರಗಿನವರು ಯಾರೂ ಲಾಗಿನ್ ಆಗುವುದಿಲ್ಲ.’ ದಾಳಿಕೋರ ಲಾಗಿನ್ ಆಗಬೇಕಾಗಿಯೇ ಇಲ್ಲ. ವೆಬ್‌ಸೈಟಿನ ಯಾವುದೋ ಹಳೆಯ ಪ್ಲಗಿನ್‌ನಿಂದ ಒಳನುಗ್ಗಿದವನಿಗೆ ವೆಬ್ ಸರ್ವರ್ ಬಳಕೆದಾರನ ಹಕ್ಕಷ್ಟೇ ಸಿಕ್ಕಿರುತ್ತದೆ. ಅಲ್ಲಿಂದ ರೂಟ್‌ಗೆ ಏರಲು ಬೇಕಾದ ಏಣಿಯೇ ಈ ಲೋಕಲ್ ದೋಷ. ಕಂಟೇನರ್ (ಒಂದೇ ಯಂತ್ರದಲ್ಲಿ ಪ್ರೋಗ್ರಾಂಗಳನ್ನು ಬೇರೆಬೇರೆಯಾಗಿಟ್ಟು ಓಡಿಸುವ ವ್ಯವಸ್ಥೆ) ಬಳಸುವವರಿಗಂತೂ ಇದು ಇನ್ನೂ ಹತ್ತಿರದ ವಿಷಯ. ಒಂದು ಹೋಸ್ಟ್ ಮೇಲಿನ ಅಷ್ಟೂ ಕಂಟೇನರ್‌ಗಳು ಒಂದೇ ಕರ್ನಲ್ ಹಂಚಿಕೊಳ್ಳುತ್ತವೆ. ಇಮೇಜನ್ನು ದಿನಾ ಹೊಸದಾಗಿ ಬಿಲ್ಡ್ ಮಾಡಿದರೂ ಹೋಸ್ಟ್‌ನ ಕರ್ನಲ್ ಒಂದಿಂಚೂ ಕದಲುವುದಿಲ್ಲ. ಕರ್ನಲ್‌ನ ಫೈರ್‌ವಾಲ್ ಭಾಗವಾದ ಎನ್‌ಎಫ್ ಟೇಬಲ್ಸ್‌ನ ಸಿವಿಇ-2024-1086 ಕೂಡ ‘ಲೋಕಲ್’ ದೋಷವೇ. 2024ರ ಜನವರಿಯಲ್ಲಿ ಅದಕ್ಕೆ ತೇಪೆ ಬಂತು, ಮಾರ್ಚ್‌ನಲ್ಲಿ ದಾಳಿಯ ಕೋಡ್ ಬಹಿರಂಗವಾಯಿತು, ಮೇ ಕೊನೆಯ ಹೊತ್ತಿಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಅದನ್ನು ‘ನಿಜವಾಗಿ ಬಳಕೆಯಲ್ಲಿರುವ ದೋಷಗಳ’ ಪಟ್ಟಿಗೆ ಸೇರಿಸಿತು.

ದೋಷದ ತೀವ್ರತೆಗೆ ಕೊಟ್ಟ ಅಂಕ ನೋಡಿ ತೇಪೆ ಆರಿಸಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕು ಅನ್ನುತ್ತೇನೆ. 2024ರ ಫೆಬ್ರವರಿಯಿಂದ ಕರ್ನಲ್ ತಂಡವೇ ಸಿವಿಇ ಸಂಖ್ಯೆ ಕೊಡುತ್ತಿದೆ. ಕರ್ನಲ್ ಮಟ್ಟದಲ್ಲಿ ಹೆಚ್ಚುಕಡಿಮೆ ಯಾವ ಬಗ್ ಬೇಕಾದರೂ ಭದ್ರತೆಯ ದೋಷವಾಗಬಹುದು ಎಂಬುದು ಅವರ ನಿಲುವು, ಹಾಗಾಗಿ ಸಂಖ್ಯೆಗಳು ರಾಶಿ ರಾಶಿ ಬರುತ್ತವೆ. ಅದರಲ್ಲಿ ನಮಗೆ ಬೇಕಾದ ಐದನ್ನು ಹೆಕ್ಕಿ ತೆಗೆಯುತ್ತೇನೆ ಅಂದರೆ ಆಗದ ಮಾತು. ಆಂಡ್ರಾಯ್ಡ್‌ನ ಬೈಂಡರ್ ಡ್ರೈವರ್‌ನ ದೋಷವನ್ನೇ ನೋಡಿ. ಮೂಲ ಕರ್ನಲ್‌ನಲ್ಲಿ ಅದು 2018ರ ಆರಂಭದಲ್ಲೇ ಸರಿಯಾಗಿತ್ತು, ಆದರೆ ಆಗ ಅದಕ್ಕೆ ಸಿವಿಇ ಸಂಖ್ಯೆ ಇರಲಿಲ್ಲ. ಹಲವು ಫೋನ್‌ಗಳಿಗೆ ಆ ತೇಪೆ ತಲುಪಲೇ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಅದೇ ದೋಷದಿಂದ ದಾಳಿ ನಡೆಯುತ್ತಿರುವ ಸುಳಿವು ಸಿಕ್ಕಾಗ ಸಿವಿಇ-2019-2215 ಎಂಬ ಹೆಸರು ಬಂತು. ಹೆಸರಿಗಾಗಿ ಕಾದವರು ಸುಮಾರು ಒಂದೂವರೆ ವರ್ಷ ತೆರೆದ ಬಾಗಿಲಲ್ಲಿ ಮಲಗಿದ್ದರು. ಸ್ಟೇಬಲ್ ಶಾಖೆಯ ಕರ್ನಲ್ಲನ್ನು ಇಡಿಯಾಗಿ ತೆಗೆದುಕೊಳ್ಳುವುದೇ ಸರಿ.

ಇನ್ನು ಅಪ್‌ಡೇಟ್ ಎಲ್ಲಿ ಕೈಕೊಡುತ್ತದೆ ಅನ್ನುವುದಕ್ಕೆ ಬರೋಣ. ಜನ ಹೆದರುವುದರಲ್ಲಿ ಅರ್ಥವಿದೆ, ಆದರೆ ಕೈಕೊಡುವ ಜಾಗಗಳು ಬೆರಳೆಣಿಕೆಯಷ್ಟು, ಎಲ್ಲವೂ ಮೊದಲೇ ಕಾಣುವಂಥವು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಬೂಟ್ ಪಾರ್ಟಿಷನ್ ತುಂಬಿಹೋಗುವುದು. ಅದನ್ನು ಬೇರೆಯಾಗಿ 500 ಎಂಬಿಯಷ್ಟೇ ಇಟ್ಟಿರುವ ಯಂತ್ರಗಳು ಬಹಳ. ಕರ್ನಲ್ ಫೈಲ್ ಹತ್ತು ಹದಿನೈದು ಎಂಬಿ ಇದ್ದರೆ, ಅದರ ಜೊತೆಗಿನ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭಕ್ಕೆ ಬೇಕಾದ ಡ್ರೈವರ್‌ಗಳ ಗಂಟು) ಒಂದೇ 100 ಎಂಬಿ ದಾಟುವುದುಂಟು. ಮೂರು ನಾಲ್ಕು ಕರ್ನಲ್ ಸೇರಿದರೆ ಜಾಗ ಮುಗಿಯಿತು. ಆಗ ಹೊಸ ಇನಿಟ್‌ರಾಮ್‌ಎಫ್‌ಎಸ್ ಬರೆಯುವುದು ಅರ್ಧಕ್ಕೆ ನಿಲ್ಲುತ್ತದೆ. ‘ಡಿವೈಸ್‌ನಲ್ಲಿ ಜಾಗವಿಲ್ಲ’ ಎಂಬ ಸಾಲು ಲಾಗ್‌ನಲ್ಲಿ ಎಲ್ಲೋ ಹೂತುಹೋಗುತ್ತದೆ. ಅದನ್ನು ನೋಡದೆ ರೀಬೂಟ್ ಮಾಡಿದರೆ ಕರ್ನಲ್‌ಗೆ ರೂಟ್ ಫೈಲ್ ಸಿಸ್ಟಂ ಸಿಗದೆ, ‘ಅನ್‌ನೋನ್-ಬ್ಲಾಕ್’ ಪಕ್ಕದಲ್ಲಿ ಎರಡು ಸೊನ್ನೆ ತೋರಿಸಿ ಪ್ಯಾನಿಕ್ ಆಗುತ್ತದೆ, ಅಂದರೆ ಮುಂದುವರಿಯಲಾರದೆ ನಿಂತುಬಿಡುತ್ತದೆ. ಆದ್ದರಿಂದ ಅಪ್‌ಡೇಟ್‌ಗೆ ಮುಂಚೆಯೇ ‘ಡಿಎಫ್ -ಎಚ್’ ನೋಡಿ. ಡೆಬಿಯನ್, ಉಬುಂಟುವಿನಲ್ಲಿ ‘ಆಪ್ಟ್ ಆಟೋರಿಮೂವ್ --ಪರ್ಜ್’ ಹಳೆಯವನ್ನು ತೆಗೆಯುತ್ತದೆ. ರೆಡ್ ಹ್ಯಾಟ್ ಕುಟುಂಬದ ಪ್ಯಾಕೇಜ್ ಮ್ಯಾನೇಜರ್ ಡಿಎನ್‌ಎಫ್ ಇರುವಲ್ಲಿ, ಎಷ್ಟು ಕರ್ನಲ್ ಇಟ್ಟುಕೊಳ್ಳಬೇಕು ಎಂಬ ‘ಇನ್‌ಸ್ಟಾಲ್‌ಓನ್ಲಿ ಲಿಮಿಟ್’ ಸಾಮಾನ್ಯವಾಗಿ 3 ಇರುತ್ತದೆ, ಹಾಗೇ ಬಿಡಿ. ಬೂಟ್ ಒಳಗಿನ ಫೈಲುಗಳನ್ನು ಕೈಯಿಂದ ಮಾತ್ರ ಅಳಿಸಬೇಡಿ. ಫೈಲ್ ಹೋಗಿರುತ್ತದೆ, ಪ್ಯಾಕೇಜ್ ಮ್ಯಾನೇಜರ್ ಲೆಕ್ಕದಲ್ಲಿ ಅದು ಇನ್ನೂ ಇರುತ್ತದೆ, ಮುಂದಿನ ಅಪ್‌ಡೇಟ್‌ನಲ್ಲಿ ಗೊಂದಲ ಇಮ್ಮಡಿಯಾಗುತ್ತದೆ.

ಎರಡನೆಯದು ಕರ್ನಲ್‌ಗೆ ಹೊರಗಿನಿಂದ ಸೇರಿಸುವ ಮಾಡ್ಯೂಲ್‌ಗಳು: ಗ್ರಾಫಿಕ್ಸ್ ಡ್ರೈವರ್, ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ, ಕೆಲವು ವೈಫೈ ಚಿಪ್‌ಗಳದ್ದು. ಪ್ರತಿ ಹೊಸ ಕರ್ನಲ್‌ಗೂ ಇವನ್ನು ಡಿಕೆಎಂಎಸ್ ಎಂಬ ಸಾಧನ ಹೊಸದಾಗಿ ಕಂಪೈಲ್ ಮಾಡಬೇಕು, ಅದಕ್ಕೆ ಆ ಕರ್ನಲ್‌ನ ಹೆಡರ್ ಪ್ಯಾಕೇಜ್ ಬೇಕು. ಹೆಡರ್ ಇಲ್ಲದಿದ್ದರೆ ಕರ್ನಲ್ ಬೂಟ್ ಆಗುತ್ತದೆ, ಮಾಡ್ಯೂಲ್ ಇರುವುದಿಲ್ಲ. ಡೇಟಾ ಪೂರ್ತಿ ಜಡ್‌ಎಫ್‌ಎಸ್ ಮೇಲಿದ್ದರೆ ಇದರ ಪರಿಣಾಮ ಏನೆಂದು ಹೇಳಬೇಕಿಲ್ಲ. ರೀಬೂಟ್‌ಗೆ ಮುನ್ನ ‘ಡಿಕೆಎಂಎಸ್ ಸ್ಟೇಟಸ್’ನಲ್ಲಿ ಹೊಸ ಕರ್ನಲ್‌ನ ಸಂಖ್ಯೆಯ ಎದುರು ‘ಇನ್‌ಸ್ಟಾಲ್ಡ್’ ಅಂತ ಇದೆಯೇ ನೋಡಿಕೊಳ್ಳಿ. ಸಹಿ ಇಲ್ಲದ ಕೋಡ್ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾಡ್ಯೂಲ್‌ಗೆ ಸಹಿ ಇರಬೇಕು, ಸಹಿಯ ಕೀ ಯಂತ್ರದಲ್ಲಿ ಮೊದಲೇ ನೋಂದಾಯಿಸಿರಬೇಕು. ಇಲ್ಲದಿದ್ದರೆ ಲೋಡ್ ಮಾಡುವಾಗ ‘ಕೀ ತಿರಸ್ಕರಿಸಲಾಗಿದೆ’ ಅಂತ ಬರುತ್ತದೆ. ಅದಕ್ಕಾಗಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡುವವರಿದ್ದಾರೆ. ಒಮ್ಮೆ ಕೀ ನೋಂದಾಯಿಸಿದರೆ ಮುಗಿಯುವ ಕೆಲಸಕ್ಕೆ ಅಷ್ಟು ದೊಡ್ಡ ಬೆಲೆ ತೆರಬೇಡಿ.

ಮೂರನೆಯದು ಸದ್ದೇ ಇಲ್ಲದ ತಪ್ಪು. ಉಬುಂಟುವಿನಲ್ಲಿ ‘ಲಿನಕ್ಸ್-ಇಮೇಜ್-ಜೆನೆರಿಕ್’ ಎಂಬ ಮೆಟಾ ಪ್ಯಾಕೇಜ್ ಇರುತ್ತದೆ. ಹೊಸ ಕರ್ನಲ್ ಬೇರೆ ಹೆಸರಿನ ಪ್ಯಾಕೇಜಾಗಿ ಬರುವುದರಿಂದ ಅದನ್ನು ಎಳೆದು ತರುವುದು ಇದೇ. ಜಾಗ ಖಾಲಿ ಮಾಡುವಾಗ ಯಾರೋ ಇದನ್ನು ಕಿತ್ತುಹಾಕಿದರೆ, ಆವತ್ತಿನಿಂದ ‘ಎಲ್ಲವೂ ಹೊಸದಾಗಿದೆ’ ಎಂಬ ಸಂದೇಶ ಬರುತ್ತಲೇ ಇರುತ್ತದೆ, ಕರ್ನಲ್ ಮಾತ್ರ ಬರುವುದಿಲ್ಲ. ‘ಆಪ್ಟ್-ಗೆಟ್ ಅಪ್‌ಗ್ರೇಡ್’ ಬಳಸಿದಾಗಲೂ ಕರ್ನಲ್ ‘ಕೆಪ್ಟ್ ಬ್ಯಾಕ್’ ಪಟ್ಟಿಗೆ ಸೇರುತ್ತದೆ, ಏಕೆಂದರೆ ಅದು ಹೊಸ ಹೆಸರಿನ ಪ್ಯಾಕೇಜ್ ಸೇರಿಸುವುದಿಲ್ಲ. ‘-ಗೆಟ್’ ಇಲ್ಲದ ‘ಆಪ್ಟ್ ಅಪ್‌ಗ್ರೇಡ್’ ಸೇರಿಸುತ್ತದೆ.

ರೀಬೂಟ್ ಭಯದ ನಿಜವಾದ ಕಾರಣ ಬಹಳ ಸಲ ಕರ್ನಲ್ ಅಲ್ಲವೇ ಅಲ್ಲ. ಎಂಟು ತಿಂಗಳಲ್ಲಿ ಯಾರೋ ಕೈಯಿಂದ ಶುರುಮಾಡಿದ ಸರ್ವಿಸ್, ‘ಎನೇಬಲ್’ ಮಾಡಲು ಮರೆತದ್ದು, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ನಲ್ಲಿ ತಪ್ಪಾಗಿ ಟೈಪ್ ಆದ ಒಂದು ಸಾಲು, ಎಲ್ಲಿಯೂ ಉಳಿಸದ ಫೈರ್‌ವಾಲ್ ನಿಯಮ. ಇವೆಲ್ಲ ಒಟ್ಟಿಗೆ ಬಯಲಾಗುವುದು ರೀಬೂಟ್ ದಿನ, ಬೈಗುಳ ಮಾತ್ರ ಹೊಸ ಕರ್ನಲ್‌ಗೆ. ತಿಂಗಳಿಗೊಮ್ಮೆ ರೀಬೂಟ್ ಆಗುವ ಯಂತ್ರದಲ್ಲಿ ಒಂದು ತಿಂಗಳ ತಪ್ಪಷ್ಟೇ ಹುಡುಕಬೇಕು. ನನ್ನ ಮಟ್ಟಿಗೆ ದೊಡ್ಡ ಅಪ್‌ಟೈಮ್ ಹೆಮ್ಮೆಪಡುವ ಸಂಗತಿಯಲ್ಲ, ಪರೀಕ್ಷೆಯಾಗದೆ ಉಳಿದ ಬದಲಾವಣೆಗಳ ಲೆಕ್ಕ.

ದೂರದ ಯಂತ್ರವಾದರೆ ಒಂದು ಭದ್ರವಾದ ದಾರಿಯಿದೆ. ಬೂಟ್ ಆಗುವಾಗ ಯಾವ ಕರ್ನಲ್ ಎಂದು ಆರಿಸುವ ಗ್ರಬ್‌ನ ಡೀಫಾಲ್ಟ್ ಸೆಟ್ಟಿಂಗನ್ನು ‘ಸೇವ್ಡ್’ಗೆ ಬದಲಿಸಿ, ಕರ್ನಲ್ ಸಾಲಿಗೆ ‘ಪ್ಯಾನಿಕ್=10’ ಸೇರಿಸಿ, ‘ಅಪ್‌ಡೇಟ್-ಗ್ರಬ್’ ಓಡಿಸಿ. ‘ಗ್ರಬ್-ಸೆಟ್-ಡೀಫಾಲ್ಟ್’ನಿಂದ ಈಗ ಓಡುತ್ತಿರುವ ಹಳೆಯ ಕರ್ನಲ್ಲನ್ನೇ ಕಾಯಂ ಮಾಡಿ, ‘ಗ್ರಬ್-ರೀಬೂಟ್’ನಿಂದ ಹೊಸದನ್ನು ಒಂದೇ ಸಲಕ್ಕೆ ಆರಿಸಿ. ಹೊಸದು ಪ್ಯಾನಿಕ್ ಆದರೆ 10 ಸೆಕೆಂಡಿನಲ್ಲಿ ಯಂತ್ರ ತಾನೇ ರೀಬೂಟ್ ಆಗಿ ಹಳೆಯದಕ್ಕೆ ಮರಳುತ್ತದೆ. ಸರಿಯಾಗಿ ಎದ್ದರೆ ಹೊಸದನ್ನು ಕಾಯಂ ಮಾಡಿ. ಎರಡು ಎಚ್ಚರಿಕೆ: ಬೂಟ್ ಇರುವುದು ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ ಮೇಲಾದರೆ ಗ್ರಬ್‌ಗೆ ಆ ಒಂದು ಸಲದ ಗುರುತನ್ನು ಅಳಿಸಲು ಆಗುವುದಿಲ್ಲ, ಅಲ್ಲಿ ಈ ಉಪಾಯ ನಡೆಯದು. ಪ್ಯಾನಿಕ್ ಆಗದೆ ಸುಮ್ಮನೆ ಸ್ತಬ್ಧವಾದರೂ ನಡೆಯದು, ಆಗ ಕನ್ಸೋಲೇ ಗತಿ. ಆದ್ದರಿಂದ ಕನ್ಸೋಲ್ ಪಾಸ್‌ವರ್ಡ್ ಕೆಲಸ ಮಾಡುತ್ತದೆಯೇ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹತ್ತು ಯಂತ್ರಗಳಿದ್ದರೆ ಮೊದಲು ಒಂದನ್ನು ಮಾಡಿ, ಒಂದು ದಿನ ಬಿಟ್ಟು ಉಳಿದದ್ದು.

ಲೈವ್‌ಪ್ಯಾಚ್ ಇದೆಯಲ್ಲ ಅಂದರೆ, ಇದೆ. 2015ರ ಲಿನಕ್ಸ್ 4.0ರಿಂದ ಮೂಲ ಕರ್ನಲ್‌ನಲ್ಲೇ ಅದಕ್ಕೆ ಆಧಾರವಿದೆ. ದೋಷವಿರುವ ಫಂಕ್ಷನ್ ಶುರುವಾಗುವ ಜಾಗದಲ್ಲೇ ದಾರಿ ತಿರುಗಿಸಿ, ಸರಿಪಡಿಸಿದ ಫಂಕ್ಷನ್‌ಗೆ ಕಳಿಸುತ್ತದೆ. ಒಳ್ಳೆಯ ಸಾಧನ, ಆದರೆ ತೇಪೆ ಡೇಟಾ ಸ್ಟ್ರಕ್ಚರನ್ನೇ ಬದಲಿಸುವಂಥದ್ದಾದರೆ ಹೀಗೆ ಹಾಕುವುದು ಬಹಳ ಕಷ್ಟ. ಕೊಡುವವರೂ ಗಂಭೀರವಾದವಕ್ಕಷ್ಟೇ ಕೊಡುತ್ತಾರೆ. ರೀಬೂಟನ್ನು ಈ ರಾತ್ರಿಯಿಂದ ಮುಂದಿನ ಭಾನುವಾರಕ್ಕೆ ಮುಂದೂಡಲು ಅದು ಸಾಕು, ಮುಂದಿನ ವರ್ಷಕ್ಕಲ್ಲ.

ಅಷ್ಟರವರೆಗೂ ಕಾಯುವಾಗ ‘ಯೂಸರ್.ಮ್ಯಾಕ್ಸ್ ಯೂಸರ್ ನೇಮ್‌ಸ್ಪೇಸಸ್’ ಅನ್ನು ಸಿಸ್‌ಸಿಟಿಎಲ್‌ನಲ್ಲಿ 0 ಮಾಡಿದರೆ ಎನ್‌ಎಫ್ ಟೇಬಲ್ಸ್‌ನಂಥ ಬಹಳಷ್ಟು ದೋಷಗಳ ದಾರಿ ಮುಚ್ಚುತ್ತದೆ. ರೂಟ್ ಇಲ್ಲದೆ ಓಡುವ ಕಂಟೇನರ್‌ಗಳೂ ಬ್ರೌಸರ್ ಸ್ಯಾಂಡ್‌ಬಾಕ್ಸೂ ಇದರಿಂದ ಕೆಡುತ್ತವೆ, ಡೆಸ್ಕ್‌ಟಾಪ್‌ನಲ್ಲಿ ಮಾಡಬೇಡಿ.

ರೀಬೂಟ್ ಆದ ಮೇಲೆ ಐದು ನಿಮಿಷ ಕೊಡಿ. ‘ಯುನೇಮ್’ ಹೊಸ ಸಂಖ್ಯೆ ತೋರಿಸುತ್ತಿದೆಯೇ, ‘ಸಿಸ್ಟಂಸಿಟಿಎಲ್ --ಫೇಲ್ಡ್’ ಖಾಲಿ ಇದೆಯೇ, ‘ಡಿಮೆಸೇಜ್’ (dmesg) ತೋರಿಸುವ ಕರ್ನಲ್ ಸಂದೇಶಗಳಲ್ಲಿ ಹೊಸ ಎರರ್ ಬಂದಿದೆಯೇ, ಡಿಸ್ಕ್‌ಗಳೆಲ್ಲ ಮೌಂಟ್ ಆಗಿವೆಯೇ ನೋಡಿ. ಸಂಖ್ಯೆ ಇನ್ನೂ ಹಳೆಯದೇ ಇದ್ದರೆ ಗ್ರಬ್ ಹಳೆಯದನ್ನೇ ಆರಿಸಿದೆ, ಅದರ ಡೀಫಾಲ್ಟ್ ಪರೀಕ್ಷಿಸಿ. ಎಲ್ಲ ಸರಿಯಿದ್ದರೂ ಹಿಂದಿನ ಒಂದು ಕರ್ನಲ್ಲನ್ನು ಕನಿಷ್ಠ ಮುಂದಿನ ಅಪ್‌ಡೇಟ್‌ವರೆಗೆ ಡಿಸ್ಕ್‌ನಲ್ಲೇ ಇಟ್ಟುಕೊಳ್ಳಿ.