ಬೀಜ ಯಾವುದು ಅಂದವರು ತಾರೀಖನ್ನೂ ಕೇಳಿದರು

ಪಂಜಾಬಿನ ಲೂಧಿಯಾನದ ಪಕ್ಕದ ಹಳ್ಳಿಯಲ್ಲಿ ಹಿರಿಯ ರೈತರೊಬ್ಬರು ನಮ್ಮ ಧಾರವಾಡದ ಕಡೆ ಗೋಧಿ ಎಷ್ಟು ಬರುತ್ತದೆ ಎಂದು ಕೇಳಿದರು. ನೀರು ಹಾಯಿಸಿದ ಹೊಲದಲ್ಲಿ ಎಕರೆಗೆ ಆರೇಳು ಕ್ವಿಂಟಲ್ ಅಂದೆ. ಅವರಿಗೆ ಇಪ್ಪತ್ತರ ಹತ್ತಿರ ಬರುತ್ತದೆ. ಅವರು ನನ್ನನ್ನು ನೋಡಿದ ಕನಿಕರ ಚುಚ್ಚಿತು. "ಯಾವ ತಳಿ? ಯಾವತ್ತು ಬಿತ್ತಿದ್ದು?" ಅಂತ ಒಂದೇ ಉಸಿರಿಗೆ ಕೇಳಿದರು.

ನವಲಗುಂದದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ತಳಿ ಯಾವುದೋ ಗೊತ್ತಿಲ್ಲಣ್ಣ, ಅಂಗಡ್ಯಾಗ ಕೊಟ್ಟದ್ದು. ಹತ್ತಿ ಬಿಡಸೋದ್ರಾಗ ಡಿಸೆಂಬರ್ ಅರ್ಧ ಹೋತು" ಅಂದ.

ಇಲ್ಲಿ ತಳಿಯನ್ನು ಆರಿಸುವುದೇ ತಾರೀಖು. ನವೆಂಬರ್ ಮೊದಲ ಹದಿನೈದು ದಿನದೊಳಗೆ ಹೊಲ ಸಿಕ್ಕರೆ ಪಿಬಿಡಬ್ಲ್ಯೂ 826, ಡಿಬಿಡಬ್ಲ್ಯೂ 187 ತರಹದ ತಳಿಗಳು. ಭತ್ತದ ಕೊಯ್ಲು ತಡವಾಗಿ ಗೋಧಿ ಬಿತ್ತನೆ ಡಿಸೆಂಬರ್‌ಗೆ ಹೋಯಿತೋ, ಚೀಲವೇ ಬದಲು: ಪಿಬಿಡಬ್ಲ್ಯೂ 771. ಜನವರಿಗೆ ಬಂದರೆ ಇನ್ನೂ ಬೇಗ ಮಾಗುವ ಪಿಬಿಡಬ್ಲ್ಯೂ 757. ನಿಧಾನಕ್ಕೆ ಬೆಳೆಯುವ ತಳಿಯನ್ನು ತಡವಾಗಿ ಬಿತ್ತಿದರೆ ಕಾಳು ತುಂಬುವ ಹೊತ್ತಿಗೆ ಬಿಸಿಲು ಏರುತ್ತದೆ. ಒಂದು ವಾರ ತಡವಾದರೆ ಎಕರೆಗೆ ಸುಮಾರು ಒಂದೂವರೆ ಕ್ವಿಂಟಲ್ ಹೋಯಿತು ಎಂದೇ ಇಲ್ಲಿನ ಲೆಕ್ಕ. 2022ರ ಮಾರ್ಚ್‌ನಲ್ಲಿ ಸೆಖೆ ಮುಂಚೆಯೇ ಬಂತು. ಆಗ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ನೋಡಿದೆ. ಕಾಳು ಸೊರಗಿ, ನಡುವಿನ ಗೀರು ಆಳವಾಗಿ, ಹೊಟ್ಟಿನ ಜೊತೆಗೇ ಹಾರಿಹೋಗುವಷ್ಟು ಹಗುರ.

ನಮ್ಮ ಕಡೆ ಚಳಿಯೇ ಕಡಿಮೆ. ಇಲ್ಲಿ ಐದು ತಿಂಗಳು ಹೊಲದಲ್ಲಿ ನಿಲ್ಲುವ ಬೆಳೆ ನಮ್ಮಲ್ಲಿ ಮೂರೂವರೆ ತಿಂಗಳಿಗೇ ಮಾಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡುತ್ತದೆ, ಅಲ್ವಾ? ಡಿಸೆಂಬರ್ ನಡುವೆ ಬಿತ್ತಿದ ಗೋಧಿ ಆಗಿನ್ನೂ ಹಾಲುಗಾಳು. ಹಾಗಿದ್ದ ಮೇಲೆ ತಾರೀಖಿನ ಚಿಂತೆ ಪಂಜಾಬಿಗಿಂತ ನಮಗೇ ಜಾಸ್ತಿ ಇರಬೇಕಿತ್ತು. ಅಜ್ಜನ ಕಾಲಕ್ಕೆ ಇತ್ತು ಕೂಡ. ಎರೆಹೊಲದ ಗೋಧಿಗೆ ಹಸ್ತ, ಚಿತ್ತಿ ಮಳೆ ನೋಡಿಯೇ ಕೂರಿಗೆ ಹೂಡುತ್ತಿದ್ದರು. ಕಾಲುವೆ ನೀರು, ಬೋರು ಬಂದ ಮೇಲೆ "ಯಾವಾಗ ಬಿತ್ತಿದರೇನು, ನೀರಿದೆಯಲ್ಲ" ಎಂಬ ಧೈರ್ಯ ಬಂತು. ನೀರು ಬಿಸಿಲನ್ನು ತಡೆಯುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನೀರಾವರಿಗೆ ಯುಎಎಸ್ 304, ಮಳೆಯಾಶ್ರಯಕ್ಕೆ ಯುಎಎಸ್ 446 ಅಂತ ಬೇರೆ ಬೇರೆ ತಳಿ ಕೊಟ್ಟಿದೆ. ಚೀಲದ ಮೇಲಿನ ಹೆಸರು ಓದುವ ರೂಢಿಯೇ ನಮ್ಮಲ್ಲಿ ಬೆಳೆಯಲಿಲ್ಲ ಅನ್ನುವುದು ನನ್ನ ಸಂಕಟ.

ಒಂದು ಮಾತು ಒಪ್ಪಲೇಬೇಕು. ಇಪ್ಪತ್ತು ಕ್ವಿಂಟಲ್ ಬರೀ ಬೀಜ, ತಾರೀಖಿನಿಂದ ಬಂದದ್ದಲ್ಲ. ಇಲ್ಲಿ ಚಳಿ ಉದ್ದ, ನೀರು ಧಾರಾಳ, ಮಂಡಿಗೆ ತಂದ ಗೋಧಿಯನ್ನು ಬಹುಪಾಲು ಸರ್ಕಾರವೇ ಕೊಳ್ಳುತ್ತದೆ. ಆ ಭರವಸೆ ಇಲ್ಲದ ನನ್ನ ತಮ್ಮ, ಹತ್ತಿಯ ಕೊನೆಯ ಬಿಡಿಸುವಿಕೆ ಬಿಡುವುದಾದರೂ ಹೇಗೆ? ಅಂತರ್ಜಲ ಉಳಿಸಲು 2009ರ ಕಾನೂನು ಭತ್ತದ ನಾಟಿಯನ್ನು ಮುಂದೂಡಿದ ಮೇಲೆ ಭತ್ತ, ಗೋಧಿಯ ನಡುವಿನ ಬಿಡುವು ಇಲ್ಲೂ ಕಿರಿದಾಗಿದೆ. ತಾರೀಖು ಹಿಡಿಯುವ ಆತುರಕ್ಕೆ ಭತ್ತದ ಕೂಳೆಗೆ ಬೆಂಕಿ ಇಡುತ್ತಾರೆ, ನವೆಂಬರ್‌ನಲ್ಲಿ ಕಣ್ಣು ಉರಿಯುತ್ತದೆ. ನಮ್ಮ ಕಡೆಯ ಜವೆಗೋಧಿ ಹುಗ್ಗಿಯ ರುಚಿಯಂತೂ ಇಲ್ಲಿನ ಯಾವ ಗೋಧಿಗೂ ಇಲ್ಲ.

ಆದರೂ ನಮ್ಮಲ್ಲಿ ಗೋವಿನಜೋಳ ಹಾಕಿದ ಹೊಲ ಅಕ್ಟೋಬರ್‌ಗೇ ಖಾಲಿಯಾಗುತ್ತದೆ. ಅಲ್ಲಾದರೂ ನವೆಂಬರ್ ಮೊದಲ ಹದಿನೈದು ದಿನ ದಾಟುವ ಮೊದಲು, ಹೆಸರು ಗೊತ್ತಿರುವ ಬೀಜ ಬಿತ್ತಬಹುದು. ಅದಕ್ಕೆ ಮಂಡಿಯೂ ಬೇಡ, ಹೊಸ ಕಾಲುವೆಯೂ ಬೇಡ.