ಭಾವನವರ ವಯಸ್ಸು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯತೊಡಗಿದ ಮೂರನೆಯ ವಾರ, ವಯಸ್ಸು ಕೇಳಿಕೊಂಡು ನೂರು ತುಂಬಲು ಇನ್ನೆಷ್ಟು ವರ್ಷ ಬಾಕಿ ಎಂದು ಹೇಳುವ ಪ್ರೋಗ್ರಾಮ್ ಒಂದನ್ನು ಬರೆದು, ಪರೀಕ್ಷೆಗೆಂದು ಭಾವನವರನ್ನು ಕರೆದು ಕೂರಿಸಿದೆ. ಅವರು ಅಂಕಿ ಒತ್ತುವ ಬದಲು ‘ನಲವತ್ತಾರು’ ಎಂದು ಅಕ್ಷರಗಳಲ್ಲಿ ಬರೆದರು. ಪರದೆಯ ಮೇಲೆ ನಾಲ್ಕೈದು ಸಾಲು ಇಂಗ್ಲಿಷ್ ಉದುರಿಸಿ, ಕೊನೆಗೆ ‘ವ್ಯಾಲ್ಯೂ ಎರರ್’, ಅಂದರೆ ಕೊಟ್ಟ ಮೌಲ್ಯ ಸರಿಯಿಲ್ಲ, ಎಂದು ಷರಾ ಬರೆದು ಪ್ರೋಗ್ರಾಮ್ ನಿಂತುಹೋಯಿತು. ಕಾರಣ ಆ ಕೊನೆಯ ಸಾಲಿನಲ್ಲೇ ಇರುತ್ತದೆಂದು ಅರಿಯದ ನಾನು ಮೊದಲ ಸಾಲಿನಿಂದ ಓದತೊಡಗಿ ಬೆವರಿದೆ.

“ಏನೋ ಇದು, ನನ್ನ ವಯಸ್ಸು ಕೇಳಿಯೇ ಮೂರ್ಛೆ ಹೋಯಿತಲ್ಲ!” ಎಂದರು ಭಾವ.

ಆ ರಾತ್ರಿ, ದೋಷ ಬಂದರೂ ಪ್ರೋಗ್ರಾಮ್ ನಿಲ್ಲದಂತೆ ಅದನ್ನು ಹಿಡಿಯುವ ‘ಟ್ರೈ’, ‘ಎಕ್ಸೆಪ್ಟ್’ಗಳನ್ನು ಕಲಿತೆ. ಯಾವ ದೋಷವನ್ನು ಹಿಡಿಯಬೇಕೆಂದು ಹೆಸರಿಸದೆ ಬಿಟ್ಟರೆ ಎಕ್ಸೆಪ್ಟ್ ಎಲ್ಲವನ್ನೂ ಹಿಡಿಯುತ್ತದೆಂದು ತಿಳಿದಾಗ, ಇಷ್ಟು ಸುಲಭದ ದಾರಿಯಿರುವಾಗ ಜನ ಹೆಸರುಗಳನ್ನೇಕೆ ಬರೆಯುತ್ತಾರೋ ಎಂದು ಮರುಕಪಟ್ಟೆ. ಅದರ ಕೆಳಗೆ ‘ಪಾಸ್’ (ಏನೂ ಮಾಡದೆ ಮುಂದೆ ಹೋಗು) ಎಂದಷ್ಟೇ ಬರೆದು, ಸರಿಯುತ್ತರ ಬರುವವರೆಗೂ ಮತ್ತೆ ಮತ್ತೆ ಕೇಳುವಂತೆ ಎಲ್ಲವನ್ನೂ ‘ವೈಲ್ ಟ್ರೂ’ ಲೂಪಿನೊಳಗೆ ಕೂರಿಸಿ, ನೆಮ್ಮದಿಯಾಗಿ ಮಲಗಿದೆ.

ಮರುದಿನ ಭಾವ ಜಾಣರಾಗಿ 46 ಎಂದು ಒತ್ತಿದರು. ‘ನಿಮ್ಮ ವಯಸ್ಸು?’ ಎಂದು ಪ್ರೋಗ್ರಾಮ್ ಮತ್ತೆ ಕೇಳಿತು. ನಡೆಯುತ್ತಿರುವ ವರ್ಷವನ್ನೂ ಸೇರಿಸಬೇಕೇನೋ ಎಂದು 47 ಒತ್ತಿದರು. ಮತ್ತೆ ಅದೇ ಪ್ರಶ್ನೆ. ಸ್ವಲ್ಪ ಹಿಂಜರಿದು, ನನ್ನತ್ತ ನೋಡದೆ, 42 ಎಂದರು. ಅದಕ್ಕೂ ನಂಬಿಕೆ ಬರಲಿಲ್ಲ.

“ನಿಮ್ಮಕ್ಕನಾದರೂ ಎರಡು ಸಲ ಕೇಳಿ ಬಿಡುತ್ತಾಳೆ” ಎನ್ನುತ್ತ ಭಾವ ಕುರ್ಚಿ ಹಿಂದೆ ಸರಿಸಿದರು.

ಪ್ರೋಗ್ರಾಮನ್ನು ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದೆ. ಪೈಥಾನಿನಲ್ಲಿ ಆ ನಿಲುಗಡೆಯ ಆಜ್ಞೆಯೂ ದೋಷಗಳಂತೆಯೇ ಒಂದು ಎಕ್ಸೆಪ್ಶನ್ ಆದ್ದರಿಂದ, ನನ್ನ ಸರ್ವಭಕ್ಷಕ ಎಕ್ಸೆಪ್ಟ್ ಅದನ್ನೂ ನುಂಗಿ, ಅದೇ ವಿನಯದಿಂದ ‘ನಿಮ್ಮ ವಯಸ್ಸು?’ ಎಂದಿತು. ಕೊನೆಗೆ ಟರ್ಮಿನಲ್ ಕಿಟಕಿಯನ್ನೇ ಮುಚ್ಚಬೇಕಾಯಿತು.

ಎಕ್ಸೆಪ್ಟ್ ತೆಗೆದು ನೋಡಿದಾಗ ಗುಟ್ಟು ಹೊರಬಿತ್ತು. ಕೀಲಿಮಣೆಯಲ್ಲಿ ‘ಎನ್’ ಪಕ್ಕದಲ್ಲೇ ‘ಎಮ್’ ಇರುವುದರಿಂದ, ಆ ರಾತ್ರಿ ಹೊಸದಾಗಿ ಬರೆಯುವಾಗ, ಒತ್ತಿದ್ದನ್ನು ಸಂಖ್ಯೆಯಾಗಿಸುವ ‘ಇಂಟ್’ ಎನ್ನಬೇಕಾದಲ್ಲಿ ‘ಇಮ್ಟ್’ ಎಂದು ಬರೆದಿದ್ದೆ. ಆ ಹೆಸರಿನದು ಯಾವುದೂ ಇಲ್ಲವೆಂದು ಪೈಥಾನ್ ಪ್ರತಿ ಸಲವೂ ‘ನೇಮ್ ಎರರ್’ ಎಬ್ಬಿಸುತ್ತಿತ್ತು. ಅದರ ಬಾಯಿ ಮುಚ್ಚಿಸಿದವನು ನಾನೇ.

ಕಾಗುಣಿತ ತಿದ್ದಿ, ಎಕ್ಸೆಪ್ಟ್ ಮುಂದೆ ವ್ಯಾಲ್ಯೂ ಎರರ್ ಎಂಬ ಒಂದೇ ಹೆಸರು ಬರೆದೆ. ಸೇಡು ತೀರಿಸಿಕೊಳ್ಳಲೆಂದೇ ಭಾವ ಕನ್ನಡ ಅಂಕಿಯಲ್ಲಿ ೪೬ ಒತ್ತಿದರು. ಪೈಥಾನ್ ಕನ್ನಡದ ಅಂಕಿಗಳನ್ನೂ ಓದಬಲ್ಲದೆಂದು ನನಗೂ ಅಂದೇ ತಿಳಿದದ್ದು. 54 ವರ್ಷ ಬಾಕಿ ಎಂದಿತು. ಪಟ್ಟು ಬಿಡದ ಭಾವ ಅಂಕಿಗೆ ಮೊದಲು ಒಂದು ಮೈನಸ್ ಸೇರಿಸಿದರು. ಅದನ್ನೂ ಒಪ್ಪಿ, ನೂರು ತುಂಬಲು ಇನ್ನು 146 ವರ್ಷ ಬಾಕಿ ಎಂದಿತು.

ನಾನು ತಿದ್ದಲು ಕೈಚಾಚಿದಾಗ ಭಾವ ತಡೆದರು. “ಇದೊಂದು ಹೀಗೇ ಇರಲಿ ಬಿಡು.”