ಪಟ್ಟಿಯಲ್ಲಿ ಹೆಸರಿಲ್ಲದೆ ‘ಚಾಲೆಂಜ್ ವೋಟ್’ ಹಾಕಬಹುದೇ?

ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೂ ಆಧಾರ್ ತೋರಿಸಿ 49ಎ ನಿಯಮದ ಅಡಿ ‘ಚಾಲೆಂಜ್ ವೋಟ್’ ಹಾಕಬಹುದು, ಟೆಂಡರ್ಡ್ ಮತಗಳು (ತಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದಾಗ ನಿಜವಾದ ಮತದಾರರು ಹಾಕುವ ಮತಗಳು) ಶೇ 14 ದಾಟಿದರೆ ಮರುಮತದಾನ ನಡೆಯುತ್ತದೆ ಎಂಬ ಸಂದೇಶ ಗದಗ, ಹುಬ್ಬಳ್ಳಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪ್ರತಿ ಚುನಾವಣೆಗೂ ಹರಿದಾಡುತ್ತದೆ. ಇದು ಸುಳ್ಳು.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಮಿನ ಪ್ರಕಾರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತದಾನದ ಹಕ್ಕಿಲ್ಲ. ಕೈಯಲ್ಲಿ ಗುರುತಿನ ಚೀಟಿ ಇದ್ದರೂ ಅಷ್ಟೇ. 1961ರ ಚುನಾವಣಾ ನಿಯಮಗಳಲ್ಲಿ 49ಎ ಮತಯಂತ್ರದ ವಿನ್ಯಾಸವನ್ನು ಹೇಳುತ್ತದೆ. ‘ಚಾಲೆಂಜ್’ ಎಂಬುದು, ಬಂದವರು ನಿಜವಾದ ಮತದಾರರಲ್ಲ ಎಂದು ಅಭ್ಯರ್ಥಿಯ ಮತಗಟ್ಟೆ ಏಜೆಂಟರು 2 ರೂಪಾಯಿ ಠೇವಣಿಯಿಟ್ಟು ಎತ್ತುವ ಆಕ್ಷೇಪಣೆ.

ಟೆಂಡರ್ಡ್ ಮತ ಮಾತ್ರ ನಿಜವಾಗಿಯೂ ಇದೆ, ಮತ್ತು ಅದನ್ನು ತಿಳಿದಿರುವುದು ಒಳ್ಳೆಯದು. ನಿಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದರೆ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿ, ನಮೂನೆ 17ಬಿಯಲ್ಲಿ ಸಹಿ ಮಾಡಿದ ಮೇಲೆ, ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡಲಾಗುತ್ತದೆ. ಶೇ 14ರ ನಿಯಮ ಎಲ್ಲಿಯೂ ಇಲ್ಲ.

ಬೆಟಗೇರಿಯಿಂದ ಧಾರವಾಡಕ್ಕೆ ಮನೆ ಬದಲಿಸಿದವರು ನಮೂನೆ 8, ಹೊಸಬರು ನಮೂನೆ 6 ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಓಗೆ ಈಗಲೇ ಕೊಡಬೇಕು; ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೆಸರು ಸೇರುವುದಿಲ್ಲ.